ಕೇಬಲ್ ಮಾವ ಮತ್ತು ನಾನು ಬರೆದ ಒಂದು ಸಾಲು

ಅವರು ನಡೆಯುವಾಗ ಕತ್ತು ಯಾವಾಗಲೂ ಮೇಲೆತ್ತಿಯೇ ಇರುತ್ತಿತ್ತು. ಮೂವತ್ತು ವರ್ಷ ಕಂಬದಿಂದ ಕಂಬಕ್ಕೆ, ತೆಂಗಿನ ಮರದಿಂದ ತೆಂಗಿನ ಮರಕ್ಕೆ ವೈರು ನೋಡಿಕೊಂಡು ತಿರುಗಿ, ಕತ್ತಿನ ಹಿಂಭಾಗದಲ್ಲಿ ಮೂರು ಮಡಿಕೆ ಬಿದ್ದಿದ್ದವು. ಬಿಸಿಲು ತಾಗದ ಆ ಮಡಿಕೆಗಳ ಸಂದಿನ ಚರ್ಮ ಮಾತ್ರ ಎಳೆಮಗುವಿನದರಂತೆ ತಿಳಿಯಾಗಿತ್ತು. ನೆಲ ನೋಡದೆ ನಡೆಯುವುದರಿಂದ ದಿನಕ್ಕೊಮ್ಮೆಯಾದರೂ ಎಡವುತ್ತಿದ್ದರು. ಎಮ್ಮೆ ಕಟ್ಟಿದ ಹಗ್ಗ, ಕೆದಕುತ್ತಿದ್ದ ಕೋಳಿ, ದಾರಿಯಲ್ಲಿ ಮಲಗಿದ ನಾಯಿ, ಯಾವುದೂ ಅವರಿಗೆ ಕಾಣುತ್ತಿರಲಿಲ್ಲ. ಎಡವಿದ ಮೇಲೆ ನಾಯಿಗೇ ಬೈಯುತ್ತಿದ್ದರು: "ಕಣ್ ಕಾಣಲ್ವೇನ್ಲಾ ನಿಂಗೆ?"

ಭೇರ್ಯದ ಸುತ್ತಲಿನ ಹಳ್ಳಿಗಳಿಗೆಲ್ಲ ಅವರು ಕೇಬಲ್ ಮಾವ. ನಮಗೆ ರಕ್ತಸಂಬಂಧವೇನಲ್ಲ, ಪಕ್ಕದ ಬೀದಿಯವರು. ಅಮ್ಮ ಅವರನ್ನು ಅಣ್ಣ ಎನ್ನುತ್ತಿದ್ದುದರಿಂದ ನನಗೆ ಮಾವ. ಮೊದಲು ಒಂದು ದೊಡ್ಡ ಡಿಶ್ ನಿಲ್ಲಿಸಿ ಟೀವಿ ಕೊಟ್ಟರು. ಆಮೇಲೆ ಮೈಸೂರಿಗೆ ಹೋಗಿ, ಕೂದಲೆಳೆಯಂಥ ಗಾಜಿನ ತಂತಿ ಬೆಸೆಯುವುದನ್ನು ಕಲಿತು ಬಂದು ಇಂಟರ್ನೆಟ್ ಕೊಟ್ಟರು. ಆಗ ಅವರಿಗೆ ಐವತ್ತು ದಾಟಿತ್ತು. ಯಾರಾದರೂ ಫೋನ್ ಮಾಡಿ ಲೈನ್ ಹೋಗಿದೆ ಎಂದರೆ ಅವರದು ಒಂದೇ ಉತ್ತರ: "ಬಂದೆ ಬುಡಿ, ಅಂಗಿ ಆಕ್ಕೊಳಷ್ಟು ಟೈಮ್ ಕೊಡಿ." ನಿಜಕ್ಕೂ ಅಷ್ಟೇ ಸಮಯ ತೆಗೆದುಕೊಳ್ಳುತ್ತಿದ್ದರು. ಕೆಲವೊಮ್ಮೆ ಗುಂಡಿಗಳನ್ನು ನಮ್ಮ ಮನೆ ಬಾಗಿಲಲ್ಲಿ ನಿಂತು ಹಾಕಿಕೊಂಡದ್ದೂ ಉಂಟು.

ನಾನು ಅವರ ಋಣಕ್ಕೆ ಬಿದ್ದದ್ದು ಕೊರೊನಾ ಕಾಲದಲ್ಲಿ. ಮೈಸೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕೆಲಸ ಹೋಗಿ ಊರಿಗೆ ಬಂದಿದ್ದೆ. ದೂರದ ಊರಿನ ಒಂದು ಸಂಸ್ಥೆ ಮನೆಯಿಂದಲೇ ಮಾಡುವ ಕೆಲಸ ಕೊಟ್ಟಿತು. ಪ್ರಪಂಚದ ಯಾವ ಭಾಗದಲ್ಲಿ ಫೋನು, ಇಂಟರ್ನೆಟ್ಟಿನ ವ್ಯಾಪಾರ ಹೇಗೆ ನಡೆದಿದೆ ಎಂದು ಹೋಲಿಸಿ ವರದಿ ಬರೆಯುವುದು. ಆ ವರದಿಗಳನ್ನು ದೊಡ್ಡ ದೊಡ್ಡ ಕಂಪನಿಗಳು ಕೊಂಡುಕೊಳ್ಳುತ್ತಿದ್ದವು. ಆದರೆ ನಮ್ಮ ಮನೆಯಲ್ಲಿ ಮೊಬೈಲಿನ ಸಿಗ್ನಲ್ ಹಿತ್ತಿಲಿನ ಕಲ್ಲಿನ ಮೇಲೆ ನಿಂತರೆ ಮಾತ್ರ ಸಿಗುತ್ತಿತ್ತು. ಮೂರೇ ದಿನದಲ್ಲಿ ಕೆಲಸಕ್ಕೆ ಸೇರಬೇಕಿತ್ತು. ಮಾವ ಬಂದು ನೋಡಿದರು. ನಾಲೆಯ ಆಚೆಗಿದ್ದ ಲೈನನ್ನು ಕಬ್ಬಿನ ಗದ್ದೆಯ ಬದುವಿನ ಮೇಲೆ, ಹದಿನಾಲ್ಕು ತೆಂಗಿನ ಮರಗಳ ಮೇಲೆ ಎಳೆದು ಎರಡನೆಯ ದಿನದ ಸಂಜೆಗೆ ನಮ್ಮ ಹಜಾರಕ್ಕೆ ತಂದರು. ಕೈಯೆಲ್ಲ ಕಬ್ಬಿನ ಗರಿ ಕೊಯ್ದು ರಕ್ತವಾಗಿತ್ತು. ಅಮ್ಮ ಅರಿಶಿನ ತಂದರೆ, "ಇರ್ಲಿ ಬುಡವ್ವ, ಮೊದ್ಲು ಆ ಲೈಟ್ ಅಸ್ರು ಬತ್ತದಾ ನೋಡಣ" ಎಂದು ರೂಟರಿನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತರು.

ಆಮೇಲೆ ವಾರಕ್ಕೊಂದೆರಡು ಸಲ ಲೈನ್ ನೋಡುವ ನೆಪದಲ್ಲಿ ಬಂದು ಜಗಲಿಯ ಮೇಲೆ ಕೂರುವುದು ರೂಢಿಯಾಯಿತು. ಟೀ ಲೋಟ ಹಿಡಿದು ಕೇಳುತ್ತಿದ್ದರು: "ಏನವ್ವ, ಇವತ್ತು ಯಾವ ದೇಶ?"

ನಾನು ಹೇಳುತ್ತಿದ್ದೆ. ರುಮೇನಿಯದಲ್ಲಿ ಅಪಾರ್ಟ್‌ಮೆಂಟಿನ ಹುಡುಗರು ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾವೇ ವೈರು ಎಳೆದುಕೊಂಡದ್ದು, ಅದರಿಂದಲೇ ಆ ದೇಶದ ಇಂಟರ್ನೆಟ್ ಹೆಸರಾಗುವಷ್ಟು ವೇಗವಾದದ್ದು. ಆಫ್ರಿಕಾದ ಎಷ್ಟೋ ದೇಶಗಳಲ್ಲಿ ಮನೆಗೆ ವೈರು ಬರುವ ಮೊದಲೇ ಎಲ್ಲರ ಕೈಗೂ ಮೊಬೈಲ್ ಬಂದದ್ದು. ಬ್ರೆಜಿಲಿನ ಸಣ್ಣ ಊರುಗಳಲ್ಲಿ ದೊಡ್ಡ ಕಂಪನಿಗಳು ಕಾಲಿಡದ ಕಡೆ ಇವರಂಥ ಸಾವಿರಾರು ಜನ ಸಣ್ಣ ಆಪರೇಟರುಗಳು ಫೈಬರ್ ಎಳೆದದ್ದು. ಸ್ವೀಡನ್ನಿನಲ್ಲಿ ವೈರು ಊರಿನದು, ಯಾವ ಕಂಪನಿ ಬೇಕಾದರೂ ಅದನ್ನು ಬಾಡಿಗೆಗೆ ಪಡೆಯಬಹುದು ಎಂದಾಗ ಅವರು ಲೋಟ ಕೆಳಗಿಟ್ಟರು.

"ಅಂದ್ರೆ ಕಂಬನೂ ಊರಿಂದು, ವೈರೂ ಊರಿಂದು?"

"ಹೂಂ ಮಾವ. ಅಮೆರಿಕದಲ್ಲಿ ರೈತರೇ ಸೇರಿ ಟೆಲಿಫೋನ್ ಸಹಕಾರ ಸಂಘ ಮಾಡಿಕೊಂಡಿದ್ದರು. ಎಷ್ಟೋ ಕಡೆ ಈಗಲೂ ಅವರೇ ಇಂಟರ್ನೆಟ್ ಕೊಡ್ತಾರೆ."

"ನಮ್ಮ ಆಲಿನ ಡೈರಿ ಇದ್ದಂಗೆ!" ಎಂದು ತೊಡೆ ತಟ್ಟಿಕೊಂಡರು. "ಬೆಳಿಗ್ಗೆ ಕ್ಯಾನ್ ಇಡ್ಕಂಡು ಕ್ಯೂ ನಿಲ್ಲೋರು ನಾವು. ನಮಗ್ಯಾಕೆ ಒಳೀಲಿಲ್ಲ ಇದು?"

ಅಷ್ಟರಲ್ಲೇ ದೊಡ್ಡ ಕಂಪನಿ ನಮ್ಮ ಕಡೆಗೂ ಬಂತು. ಮೊದಲ ಕೆಲವು ತಿಂಗಳು ಪುಕ್ಕಟೆ ಎಂದು ಬೋರ್ಡು ಹಾಕಿತು. ಇವರ ಜೊತೆ ಹತ್ತು ವರ್ಷ ದುಡಿದಿದ್ದ ಇಬ್ಬರು ಕೆಲಸಗಾರರನ್ನೂ ಕರೆದುಕೊಂಡಿತು. ಜನ ಹೋದರು. ಪುಕ್ಕಟೆ ಬಂದದ್ದನ್ನು ಯಾರು ಬೇಡ ಎನ್ನುತ್ತಾರೆ? ಅದಕ್ಕೆ ಜನರ ಮೇಲೆ ನನಗೆ ಸಿಟ್ಟಿಲ್ಲ. ಮಾವನಿಗೂ ಇರಲಿಲ್ಲ. ಅವರು ಮಾಡಿದ್ದು ಬೇರೆ. ಹಳೆಯ ಬೈಕಿನಲ್ಲಿ ಕೆ.ಆರ್. ನಗರ, ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ನಾಲ್ಕೂ ತಾಲೂಕು ತಿರುಗಿದರು. ಬೆಟ್ಟದಪುರದಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳ ನಡುವೆ ಲೈನ್ ಎಳೆದವನನ್ನು, ಕೋಟೆಯ ಕಾಡಂಚಿನ ಆದಿವಾಸಿಗಳ ಹಾಡಿಯ ಶಾಲೆಗೆ ವೈರು ಮುಟ್ಟಿಸಿದವನನ್ನು, ಎಲ್ಲರನ್ನೂ ಮಾತಾಡಿಸಿದರು. ಎಲ್ಲರೂ ಸೇರಿ ಒಂದು ಸಂಘ ಮಾಡೋಣ, ವೈರು ಒಂದೇ ಆಗಲಿ, ಡೈರಿ ನಡೆಸಿದಂತೆ ನಡೆಸೋಣ ಎಂದರು. ಮೂವತ್ತೆಂಟು ಜನ ಒಪ್ಪಿದರು. ಹುಣಸೂರಿನ ಒಂದು ಛತ್ರದಲ್ಲಿ ಸಭೆ ಗೊತ್ತಾಯಿತು. "ನೀನೂ ಬಾ ಕಣವ್ವ, ಆ ಬ್ರೆಜಿಲ್ ಕತೆ ಏಳ್ಬೇಕು" ಎಂದು ನನ್ನನ್ನೂ ಕರೆದುಕೊಂಡು ಹೋದರು.

ಆ ಸಭೆಗೆ ಕಂಪನಿಯವರೂ ಬಂದಿದ್ದರು. ಯಾರು ಕರೆದರೋ ಇವತ್ತಿಗೂ ಗೊತ್ತಿಲ್ಲ. ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಮನುಷ್ಯ ಬಹಳ ವಿನಯದಿಂದ, ಐದೇ ನಿಮಿಷ ಕೊಡಿ ಎಂದು ಕೇಳಿ ಗೋಡೆಯ ಮೇಲೆ ಚಿತ್ರ ಬಿಟ್ಟ. ಪ್ರಪಂಚದ ನಕ್ಷೆ, ಬಣ್ಣ ಬಣ್ಣದ ಖಂಡಗಳು. ಆಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದ ಒಂದು ಸಾಲು: "ದಕ್ಷತೆಯಿಲ್ಲದ ಸಣ್ಣ ಆಪರೇಟರುಗಳು ಹಿಂದೆ ಸರಿಯುತ್ತಿರುವುದು ಏಷ್ಯಾದ ಮಾರುಕಟ್ಟೆ ಪಕ್ವವಾಗುತ್ತಿರುವುದರ ಲಕ್ಷಣ."

"ಇದು ನಾವು ಹೇಳ್ತಿರೋದಲ್ಲ ಸಾರ್. ತಜ್ಞರ ವರದಿ. ಪ್ರಪಂಚವೇ ಹೀಗೆ ಹೋಗ್ತಿದೆ" ಎಂದ ಆತ. "ಈಗ ಬಂದರೆ ನಿಮ್ಮ ಲೈನಿಗೆ ಒಳ್ಳೆ ಬೆಲೆ. ಆರು ತಿಂಗಳು ಬಿಟ್ಟು ಬಂದರೆ ವೈರಿನ ತೂಕದ ಬೆಲೆ."

ಆ ಸಾಲು ನನ್ನದು.

ಒಂದು ಮಧ್ಯಾಹ್ನ, ಊಟಕ್ಕೆ ಏಳುವ ಮುಂಚೆ ಹತ್ತು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು. ಏಷ್ಯಾದ ಅಧ್ಯಾಯಕ್ಕೆ ಕೊಂಡುಕೊಳ್ಳುವವರ ಮನಸ್ಸಿಗೆ ಒಪ್ಪುವ ಒಂದು ತೀರ್ಮಾನ ಬೇಕು ಎಂದು ನನ್ನ ಮೇಲಧಿಕಾರಿ ಕೇಳಿದ್ದಳು. ಅದೇ ವರದಿಯಲ್ಲಿ ಬ್ರೆಜಿಲಿನ ಸಣ್ಣವರ ಬಗ್ಗೆ ಎರಡು ಪುಟ ಬರೆದಿದ್ದೆ. ಅದನ್ನು ಅವಳು ತೆಗೆದು ಹಾಕಿದಳು. ತೆಗೆದದ್ದಕ್ಕೆ ನಾನು ಒಂದು ಮಾತೂ ಆಡಿರಲಿಲ್ಲ. ತಿಂಗಳ ಕೆಲಸ ಮುಗಿಯಿತಲ್ಲ ಎಂದುಕೊಂಡಿದ್ದೆ.

ಛತ್ರದಲ್ಲಿ ಆಗಲಾದರೂ ಎದ್ದು, ಅದು ಅರ್ಧ ಸತ್ಯ ಎನ್ನಬಹುದಿತ್ತು. ಬರೆದವಳು ನಾನೇ, ಬಿಟ್ಟದ್ದು ಏನು ಎಂದು ಕೇಳಿ ಎನ್ನಬಹುದಿತ್ತು. ನಾನು ಏಳಲಿಲ್ಲ. ಮಾವ ಎದ್ದು, "ನಮ್ಮುಡ್ಗಿ ಮಾತಾಡ್ತಾಳೆ ಕೇಳ್ರಪ್ಪ, ಬೇರೆ ದೇಶದಾಗೆ ಇಂಗಿಲ್ಲ" ಎಂದು ನನ್ನತ್ತ ಕೈ ತೋರಿಸಿದಾಗ ನಾನು ತಲೆ ತಗ್ಗಿಸಿಕೊಂಡು ಕೂತಿದ್ದೆ. ಊಟದ ಹೊತ್ತಿಗೆ ಮೂವತ್ತೆಂಟು ಜನರಲ್ಲಿ ಉಳಿದದ್ದು ಒಂಬತ್ತು. ಸಂಜೆಗೆ ಇಬ್ಬರು: ಮಾವ ಮತ್ತು ಆ ಹಾಡಿಯ ಶಾಲೆಗೆ ಲೈನ್ ಕೊಟ್ಟಿದ್ದವನು.

ವಾಪಸ್ ಬರುವ ಬಸ್ಸಿನಲ್ಲಿ ಹೇಳಿಬಿಟ್ಟೆ. ಮಾವ ಕೇಳಿದರು:

"ಆ ಸಾಲು ಬರ್ದು ಯಾವ ವೈರ್ನಾಗೆ ಕಳಿಸ್ದೆ?"

"ನಿಮ್ಮದ್ರಲ್ಲೇ ಮಾವ."

"ದಕ್ಷತೆ ಇಲ್ಲ ಅಂದ್ಯಲ್ಲವ್ವ. ಎಷ್ಟು ದಿನ ಲೈನ್ ನಿಂತಿತ್ತು ನಿಂದು? ಒಂದೇ ಒಂದು ದಿನ ತೋರ್ಸು ನೋಡಣ."

ಒಂದು ದಿನವೂ ಇರಲಿಲ್ಲ. ನಾನು ಹೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿದರು. ಕೆ.ಆರ್. ನಗರದಲ್ಲಿ ಇಳಿದು ಬಸ್ಸು ಬದಲಾಯಿಸುವಾಗ ನನ್ನ ಪಕ್ಕ ಕೂರದೆ ಹಿಂದಿನ ಸೀಟಿಗೆ ಹೋದರು. ಅಲ್ಲಿಂದ ಎರಡು ತಿಂಗಳು ನಮ್ಮ ಜಗಲಿ ಹತ್ತಲಿಲ್ಲ. ಆದರೆ ಒಂದು ದಿನ ಗಾಳಿಗೆ ತೆಂಗಿನ ಗರಿ ಬಿದ್ದು ಲೈನ್ ತುಂಡಾದಾಗ, ನಾನು ಫೋನ್ ಮಾಡಲು ಹಿಂಜರಿಯುತ್ತಿರುವಷ್ಟರಲ್ಲಿ ಹಿತ್ತಿಲಿನ ಮರಕ್ಕೆ ಏಣಿ ಒರಗಿದ ಸದ್ದು ಕೇಳಿಸಿತು. ಕೆಲಸ ಮುಗಿಸಿ ಅತ್ತ ಕಡೆಯಿಂದಲೇ ಹೋದರು. ನೀರು ಕೂಡ ಕೇಳಲಿಲ್ಲ.

ಮಳೆಗಾಲಕ್ಕೆ ಮುಂಚೆ, ಬೆಳಿಗ್ಗೆ ಹತ್ತರ ಹೊತ್ತಿಗೆ, ಏಣಿ ಇಟ್ಟುಕೊಂಡ ಕರೆಂಟಿನವರ ಒಂದು ಗಾಡಿ ಬಂತು. ಅನುಮತಿಯಿಲ್ಲದ ವೈರು ಎಂದು ಮುಖ್ಯ ರಸ್ತೆಯ ಕಂಬಗಳ ಮೇಲಿದ್ದ ಮಾವನ ಲೈನನ್ನೆಲ್ಲ ಕತ್ತರಿಸಿದರು. ಅದೇ ಕಂಬದಲ್ಲಿ, ಗೇಣುದ್ದ ಮೇಲೆ ದೊಡ್ಡ ಕಂಪನಿಯ ವೈರಿತ್ತು. ಅದನ್ನು ಯಾರೂ ಮುಟ್ಟಲಿಲ್ಲ. ಮಾವ ಅನುಮತಿಯ ಕಾಗದ ಹಿಡಿದು ಓಡಿ ಬಂದರು.

"ಓದ್ರಯ್ಯ ಇದನ್ನ! ಸಹಿ ಅದೆ, ಸೀಲ್ ಅದೆ!"

"ಮೇಲಿಂದ ಹೇಳವ್ರೆ ಯಜಮಾನ್ರೇ, ನಾವೇನು ಮಾಡಣ" ಎಂದ ಏಣಿಯ ಮೇಲಿದ್ದವನು, ಕೆಳಗೆ ನೋಡದೆ.

"ಮೇಲೆ ಅಂದ್ರೆ ಎಲ್ಲಿ? ಆ ಮ್ಯಾಲಿನ ವೈರ್ ಅದೆಯಲ್ಲ, ಅಲ್ಲಿಂದ್ಲಾ?"

ಅವರು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ರಸ್ತೆಯಲ್ಲಿ ನಿಂತಿದ್ದ ನಾವು ಐವತ್ತು ಜನ ಫೋನ್ ಎತ್ತಿ ವಿಡಿಯೊ ಮಾಡಿದೆವು. ಒಬ್ಬರೂ ಏಣಿ ಹಿಡಿದು ತಡೆಯಲಿಲ್ಲ. ಆ ವಿಡಿಯೊ ಇನ್ನೂ ನನ್ನ ಹತ್ತಿರ ಇದೆ. ನೋಡಿದಾಗಲೆಲ್ಲ ನನ್ನ ಮೇಲೇ ಸಿಟ್ಟು ಬರುತ್ತದೆ.

ಪುಕ್ಕಟೆಯ ತಿಂಗಳು ಮುಗಿದು ದರ ಏರಿತು. ನಾಲೆಯಾಚೆಯ ಇಪ್ಪತ್ತು ಮನೆಗಳಿಗೆ ಮಾತ್ರ ಕಂಪನಿ ಬರಲಿಲ್ಲ. ಅಷ್ಟು ದೂರ ಎಳೆದರೆ ಗಿಟ್ಟುವುದಿಲ್ಲವಂತೆ. ಆ ಮನೆಗಳಲ್ಲಿ ಒಬ್ಬಳು ಆಶಾ ಕಾರ್ಯಕರ್ತೆ, ನರ್ಸಿಂಗ್ ಓದುವ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಹೊಲಿಗೆಯವನು ಇದ್ದರು. ಅವರು ಮಾವನ ಮನೆಗೆ ಹೋಗಿ ಕೂತರು. ಮಾವ ಗದ್ದೆಗಳ ಮೇಲೆ, ಬೇಲಿಯ ಮೇಲೆ, ತಮ್ಮದೇ ಕಂಬ ನೆಟ್ಟು ಹೊಸ ಲೈನ್ ಎಳೆಯತೊಡಗಿದರು. ಅರವತ್ತೆರಡರ ವಯಸ್ಸು, ಕೆಲಸಗಾರರಿಲ್ಲ. ಅವರ ಹೆಂಡತಿ, ನಮ್ಮ ಅತ್ತೆ, ಏಣಿ ಹಿಡಿಯುತ್ತಿದ್ದರು. ನಾನೂ ಹೋಗಿ ವೈರಿನ ಸುರುಳಿ ಬಿಚ್ಚಿ ಕೊಡುತ್ತಿದ್ದೆ. ಮಾತಿಲ್ಲದೆ ನಾಲ್ಕು ದಿನ. ಐದನೆಯ ದಿನ ಮೇಲಿನಿಂದಲೇ, "ಬಿಗಿ ಆಯ್ತು, ವಸಿ ಸಡ್ಲ ಬುಡವ್ವ" ಎಂದರು. ಅಷ್ಟಕ್ಕೇ ನನಗೆ ಅಳು ಬಂತು.

ಹದಿನೇಳು ಮನೆಗೆ ಲೈನ್ ಮುಟ್ಟಿತು. ಹದಿನೆಂಟನೆಯದಕ್ಕೆ ಹತ್ತಿದಾಗ ಮಳೆಯಲ್ಲಿ ನೆನೆದಿದ್ದ ಮರದ ಕಂಬ ಬುಡದಲ್ಲೇ ಮುರಿಯಿತು. ಸೊಂಟದ ಮೂಳೆ ಹೋಯಿತು. ಮೈಸೂರಿನಲ್ಲಿ ಆಪರೇಷನ್ ಮಾಡಿಸಿ ಮನೆಗೆ ತಂದರು. ಮತ್ತೆ ಏಳಲಿಲ್ಲ. ಹಾಸಿಗೆ ಹುಣ್ಣಾಗಿ, ಆಮೇಲೆ ಎದೆಗೆ ಕಫ ಕಟ್ಟಿ, ದೀಪಾವಳಿಯ ಹಿಂದಿನ ವಾರ ಹೋದರು. ಅದಕ್ಕೆ ನಾಲ್ಕು ದಿನ ಮುಂಚೆ ನಾನು ಹೋಗಿದ್ದಾಗ ಕೇಳಿದ್ದು ಒಂದೇ ಪ್ರಶ್ನೆ: "ಆ ಬ್ರೆಜಿಲ್‌ನೋರು ಇನ್ನೂ ಇದಾರಾ, ಅವ್ರನ್ನೂ ನುಂಗಾಕುದ್ರಾ?"

"ಇದಾರೆ ಮಾವ. ಕೆಲವರನ್ನ ದೊಡ್ಡೋರು ಕೊಂಡ್ಕೊಂಡ್ರು. ಆದ್ರೂ ಬಹಳ ಜನ ಇದಾರೆ."

"ಇರ್ಲಿ" ಎಂದರು. "ಅದನ್ನೂ ಬರಿ. ಸಿಟ್ಟಿಗೇನೂ ಏಳ್ತಿಲ್ಲ. ಬುಟ್ಟುಬುಟ್ಟು ಬರೀಬೇಡ ಅಂತ ಅಷ್ಟೆ."

ಅವರನ್ನು ಎತ್ತುವ ದಿನ, ಹಿಂದೆ ಅವರ ಕೈಕೆಳಗಿದ್ದ ಆ ಇಬ್ಬರೂ ಕೆಲಸದ ನಡುವೆಯೇ ಓಡಿ ಬಂದರು. ಮೈಮೇಲೆ ಕಂಪನಿಯ ಹೆಸರಿದ್ದ ಟೀ ಶರ್ಟು. ಹಿರಿಯವನು ಅಳುತ್ತ ಚಟ್ಟಕ್ಕೆ ಕೈ ಹಾಕಿದ. ಅಲ್ಲಿಯವರೆಗೆ ಗೋಡೆಗೊರಗಿ ಸುಮ್ಮನೆ ಕೂತಿದ್ದ ಅತ್ತೆ ತಲೆಯೆತ್ತಿದರು.

"ಎತ್ತು. ಆ ಅಂಗಿ ಬಿಚ್ಚಾಕಿ ಎತ್ತು."

ಅವನು ಟೀ ಶರ್ಟು ಕಳಚಿ ಬೇಲಿಯ ಆಚೆ ಎಸೆದು ಬರಿಮೈಯಲ್ಲಿ ಹೆಗಲು ಕೊಟ್ಟ. ಇನ್ನೊಬ್ಬನೂ ಹಾಗೆಯೇ ಮಾಡಿದ.

ತಿಥಿ ಮುಗಿದ ಮೇಲೆ ನನ್ನ ಮೇಲಧಿಕಾರಿಗೆ ಬರೆದೆ: ಆ ಸಾಲನ್ನು ತೆಗೆಯಿರಿ, ತೆಗೆದ ಎರಡು ಪುಟ ಸೇರಿಸಿ ಎಂದು. ಹಳೆಯ ವರದಿಯನ್ನು ತಿದ್ದುವ ಪದ್ಧತಿ ಇಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಕೆಲಸ ಬಿಟ್ಟೆ. ಬಿಟ್ಟದ್ದು ದೊಡ್ಡ ಮಾತಲ್ಲ. ನನ್ನ ಜಾಗಕ್ಕೆ ಒಂದು ವಾರದಲ್ಲಿ ಇನ್ನೊಬ್ಬರು ಬಂದರು. ಹೊಸ ವರ್ಷದ ವರದಿಯಲ್ಲೂ ಆ ಸಾಲು ಒಂದಕ್ಷರ ಬದಲಾಗದೆ ಹಾಗೆಯೇ ಇದೆ. ಬರೆದವರ ಹೆಸರು ಹಾಕುವ ಪದ್ಧತಿಯೂ ಅಲ್ಲಿ ಇಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ: ಅದನ್ನು ಯಾವ ತಜ್ಞರೂ ಬರೆಯಲಿಲ್ಲ. ಭೇರ್ಯದ ಹತ್ತಿರದ ಒಂದು ಹಜಾರದಲ್ಲಿ ಕೂತು, ಆ ಮನುಷ್ಯನ ವೈರಿನಿಂದ ಅನ್ನ ತಿನ್ನುತ್ತ, ನಾನು ಬರೆದೆ.