ಹೆಸರು ಕೇಳುವ ಈರಮ್ಮ
ದೇಶದ ಮೊದಲ ಚುನಾವಣೆಗೆ ಮತದಾರರ ಪಟ್ಟಿ ಬರೆಯುತ್ತಿದ್ದ ದಿನಗಳಲ್ಲಿ, ಪಕ್ಷದ ಕೆಲಸಕ್ಕೆ ನಿಂತ ಈರಮ್ಮ ಸಿರುಗುಪ್ಪದ ಸುತ್ತಿನ ಹಳ್ಳಿಗಳಲ್ಲಿ ಹೆಂಗಸರ ಹೆಸರು ಕೇಳುತ್ತ ತಿರುಗುತ್ತಿದ್ದಳು. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದವರನ್ನು ಪಟ್ಟಿಯಿಂದ ಹೊಡೆದುಹಾಕುತ್ತಾರೆಂಬುದೇ ಅವಳ ಚಿಂತೆ. ಜೋಳ ಬೀಸುವವರ ಎದುರು ಕೂತು ತಾನೂ ಬೀಸುವಳು, ಎಮ್ಮೆ ಹಿಂಡುವವರಿಗೆ ಕರು ಹಿಡಿದುಕೊಡುವಳು, ಬಾವಿಯ ಹತ್ತಿರ ತುಂಬಿದ ಕೊಡ ಎತ್ತಿಕೊಡುವ ನೆಪದಲ್ಲಿ ಅದನ್ನು ಬಿಡದೆ ಹಿಡಿದು, "ತವರುಮನ್ಯಾಗ ಏನಂತ ಕರೀತಿದ್ರವ್ವಾ?" ಎನ್ನುವಳು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕು, "ಸುಂಕಣ್ಣನ ಅವ್ವ ಅಂತ ಬರ್ಕೊಳ್ರಿ, ಊರಿಗೆಲ್ಲ ಗೊತ್ತೈತಿ" ಎನ್ನುವರು. ಸಿರಿಗೇರಿಯ ಮುದುಕಿಯೊಬ್ಬಳು ಮಾತ್ರ ನಗಲಿಲ್ಲ. "ನನ್ನ ಹೆಸರು ಹಿಡಿದು ಕರಿಯೋರು ಎಲ್ಲಾರೂ ಸತ್ತಾರವ್ವಾ" ಎಂದಳು. ಆ ಮನೆಗೆ ಈರಮ್ಮ ಒಂಬತ್ತು ಸಲ ಹೋದಳು. ಒಂಬತ್ತನೆಯ ಸಲ ಮುದುಕಿ ಅವಳ ಕಿವಿಯಲ್ಲಿ, "ಹೊನ್ನೂರಮ್ಮ" ಎಂದು, ಮದುವೆಯ ಹುಡುಗಿಯಂತೆ ನಾಚಿದಳು. ಅಷ್ಟರಲ್ಲಿ ಪಟ್ಟಿ ಮುಗಿದು ಹತ್ತು ದಿನವಾಗಿತ್ತು. ಆ ಮುಖ ನೋಡಿದ ಈರಮ್ಮನಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಮತದಾನದ ದಿನ ಓಣಿಯ ಅರ್ಧ ಹೆಂಗಸರು ಹೆಸರಿಲ್ಲವೆಂದು ಹಿಂದಿರುಗುತ್ತಿದ್ದರೂ ಹೊನ್ನೂರಮ್ಮ ಸಾಲು ಬಿಡಲಿಲ್ಲ. ಅಧಿಕಾರಿಯ ಮುಂದೆ ನಿಂತು, ಊರಿಗೆ ಕೇಳುವಂತೆ ತನ್ನ ಹೆಸರು ಹೇಳಿದಳು. ಆತ ಹಾಳೆಗಳನ್ನು ಎರಡು ಸಲ ತಿರುವಿ ಇಲ್ಲವೆಂದು ತಲೆಯಾಡಿಸಿದ. ಹೊರಗೆ ಬಂದವಳು ಈರಮ್ಮನ ಕೈ ಹಿಡಿದುಕೊಂಡಳು. ಅವಳಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. "ನಾನೇ ತಪ್ಪು ಹೇಳಿದ್ನೇನವ್ವಾ?" ಎಂದಳು. "ನನ್ನ ಹೆಸರು ಬ್ಯಾರೆ ಏನಾರ ಇತ್ತೇನು?"