ಅಳತೆ ಪುಸ್ತಕದಲ್ಲಿಲ್ಲದ ಸುಮತಿ

ಗಿರಿಜಕ್ಕ, ಸುಮತಿ ಎಂಬ ಹೆಂಗಸು ಹೊಸದುರ್ಗದಲ್ಲಿ ಇರಲಿಲ್ಲ. ಎಲ್ಲಿಯೂ ಇರಲಿಲ್ಲ. ನೀವು ಹೊಲಿದ ರವಿಕೆಯನ್ನು ಹಾಡಿ ಹೊಗಳಿದ ಆ ಎರಡು ಮಕ್ಕಳ ತಾಯಿ, ಆ ಟೀಚರಮ್ಮ — ನಾನೇ. ಆಗ ನನಗೆ ಹತ್ತೊಂಬತ್ತು. ಮಕ್ಕಳ ಮಾತಿರಲಿ, ಸೀರೆ ಉಡಲೂ ಸರಿಯಾಗಿ ಬರುತ್ತಿರಲಿಲ್ಲ.

ನಾನು ಚಿತ್ರದುರ್ಗದ ಕಾಲೇಜಿನಲ್ಲಿ ಚರ್ಚಾಪಟು. "ಜಾಹೀರಾತು ಹೆಣ್ಣನ್ನು ಮೊದಲು ನಾಚಿಸುತ್ತದೆ, ಆಮೇಲೆ ಮುಲಾಮು ಮಾರುತ್ತದೆ" ಎಂದು ವಾದಿಸಿ ಮೊದಲ ಬಹುಮಾನ ಹೊಡೆದವಳು. ಅದೇ ತಿಂಗಳು ನಮ್ಮೂರು ಹೊಳಲ್ಕೆರೆಯ ನಿಮ್ಮ ಅಂಗಡಿಗೆ ಗಿರಾಕಿ ತರಲು ಹೊರಟೆ. ಎದುರಿಗೆ ರೆಡಿಮೇಡ್ ಅಂಗಡಿ ಬಂದು ನಿಮ್ಮ ಮಿಷನ್ ಅರ್ಧ ದಿನ ಸುಮ್ಮನಿರುತ್ತಿತ್ತಲ್ಲ — ನೋಡಲಾಗಲಿಲ್ಲ. ಇಂಟರ್‌ನೆಟ್ಟಿನಲ್ಲಿ ಸ್ನೇಹಿತರನ್ನು ಕೂಡಿಸುವ ತಾಣಗಳು ಆಗ ಹೊಸವು. ಸೈಬರ್ ಸೆಂಟರಿನಲ್ಲಿ ಕೂತು ಜಿಲ್ಲೆಯ ಹೆಣ್ಣುಮಕ್ಕಳದೇ ಒಂದು ಗುಂಪು ಕಟ್ಟಿ, ನಿಮ್ಮ ರವಿಕೆಗಳ ಫೋಟೊ ಹಾಕಿದೆ. ಯಾರೂ ತಿರುಗಿ ನೋಡಲಿಲ್ಲ. ಆಗ ಸುಮತಿ ಹುಟ್ಟಿದಳು — "ಹೆರಿಗೆಯಾದ ಮೇಲೆ ನನ್ನ ತೋಳು ನೋಡಿ ನಾನೇ ನಾಚುತ್ತಿದ್ದೆ. ಗಿರಿಜಕ್ಕನ ರವಿಕೆ ತೊಟ್ಟು ಮದುವೆಮನೆಯಲ್ಲಿ ಮೊದಲ ಸಾಲಿನಲ್ಲಿ ಕೂತೆ."

ಮೊದಲು ನಾಚಿಕೆ, ಆಮೇಲೆ ಮುಲಾಮು. ನಾನು ಖಂಡಿಸಿದ್ದನ್ನು ನಾನೇ ಎಷ್ಟು ಚೆನ್ನಾಗಿ ಕಲಿತಿದ್ದೆ!

ಬಂದರಲ್ಲ ಅಕ್ಕ, ಚಿತ್ರದುರ್ಗದಿಂದ, ಹಿರಿಯೂರಿನಿಂದ, ಬಸ್ಸಿಳಿದು ನಿಮ್ಮ ಅಂಗಡಿ ಕೇಳಿಕೊಂಡು! "ನನಗೂ ನಿಮ್ಮ ಹಾಗೇ ಆಗಿದೆ" ಎಂದು ಸುಮತಿಗೆ ಮನಸ್ಸು ಬಿಚ್ಚಿ ಬರೆದವರಿಗೆಲ್ಲ ಬಾಣಂತನದ ಸಲಹೆ ಕೊಟ್ಟೆ — ನಮ್ಮವ್ವನನ್ನು ಕೇಳಿ ಕೇಳಿ.

ಒಂದು ಮಧ್ಯಾಹ್ನ ಸುಮತಿಯ ಹೊಗಳಿಕೆಯನ್ನು ಪ್ರಿಂಟ್ ತೆಗೆಸಿ ನಿಮಗೆ ಓದಿದೆ. ನೀವು ಮಿಷನ್ ನಿಲ್ಲಿಸಿದಿರಿ.

"ಲೇ, ಯಾರೇ ಈ ಸುಮತಿ? ನನ್ ಅಳತೆ ಪುಸ್ತಕದಾಗೆ ಈ ಹೆಸ್ರೇ ಇಲ್ಲ."

ದಾರಿಯಲ್ಲಿ ಕಂಡವರನ್ನು ತಡೆದು, "ಅರ್ಧ ಇಂಚು ಇಳ್ದಿದ್ದೀಯಲ್ಲೇ, ಉಣ್ಣಲ್ವೇನೆ?" ಎನ್ನುತ್ತಿದ್ದವರು ನೀವು. ಅಂಥವರ ಹೆಸರಿನಲ್ಲಿ ಇಲ್ಲದ ಮೈಗೆ ರವಿಕೆ ತೊಡಿಸಿದ್ದೆ! ಆಗಲೇ ಒಪ್ಪಿಕೊಳ್ಳಬಹುದಿತ್ತು. ಆದರೆ ಚರ್ಚಾಪಟು ಸೋಲುವುದೆಂದರೆ —

"ಹೋದ ವರ್ಷ ಬಂದಿದ್ಲಂತೆ. ನೀವೇ ಮರ್ತಿದ್ದೀರಿ ಅಕ್ಕ," ಎಂದುಬಿಟ್ಟೆ.

ನೀವು ಪುಸ್ತಕವನ್ನು ಮೊದಲಿಂದ ತಿರುವಿದಿರಿ. ಮತ್ತೆ ತಿರುವಿದಿರಿ. "ಇರಬೌದು ಕಣೇ," ಎಂದಿರಿ ಮೆಲ್ಲಗೆ. "ವಯಸ್ಸಾತು."

ನಿಮಗಾಗ ಬರೀ ನಲವತ್ತೈದು! ಅಂದಿನಿಂದ ಹಳೆಯ ಗಿರಾಕಿಗಳಿಗೂ ಎರಡೆರಡು ಸಲ ಟೇಪು ಹಿಡಿದಿರಿ. "ಏನ್ ಗಿರಿಜಕ್ಕ, ನನ್ ಮ್ಯಾಲೇ ಅನುಮಾನನಾ?" ಎಂದರೆ, "ನಿನ್ ಮ್ಯಾಲಲ್ಲ, ನನ್ ತಲೆ ಮ್ಯಾಲೆ" ಎಂದು ನಗುತ್ತಿದ್ದಿರಿ. ಅಂಗಡಿಯಲ್ಲಿದ್ದವರೆಲ್ಲ ನಗುತ್ತಿದ್ದರು. ನಾನು ಗುಂಡಿ ಡಬ್ಬಿಯಲ್ಲಿ ಏನೋ ಹುಡುಕುತ್ತಿದ್ದೆ.

ಮರೆತ ತಪ್ಪಿಗೆಂದು ಸುಮತಿಗೆ ಒಂದು ಹಸಿರು ರವಿಕೆಯನ್ನು ಅಂದಾಜಿನಲ್ಲೇ ಹೊಲಿದು ನನ್ನ ಕೈಗಿಟ್ಟಿರಿ. "ಒಳಗೆ ಬಟ್ಟೆ ಬಿಟ್ಟೀನಿ, ಬಿಗಿ ಆದ್ರೆ ಬಿಚ್ಕಳಾಕೆ ಹೇಳು. ಬೇಜಾರ್ ಮಾಡ್ಕಬ್ಯಾಡ ಅನ್ನು."

ಕೊಡುವುದು ಯಾರಿಗೆ? ಪೆಟ್ಟಿಗೆಯ ತಳಕ್ಕೆ ಸೇರಿಸಿದೆ. ಗುಂಪು ಮುಚ್ಚಿತು, ತಾಣವೇ ಮುಚ್ಚಿತು. ನನಗೂ ಇಬ್ಬರು ಮಕ್ಕಳಾದರು. ಹೋದ ವಾರ ಆ ರವಿಕೆ ಸಿಕ್ಕಿತು, ತೊಟ್ಟು ನೋಡಿದೆ. ಒಂದು ಹೊಲಿಗೆಯನ್ನೂ ಬಿಚ್ಚಬೇಕಾಗಲಿಲ್ಲ! ಸುಮತಿಯ ತೋಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿತ್ತು. ಬಿದ್ದು ಬಿದ್ದು ನಕ್ಕೆ. ಆಮೇಲೆ ನಗು ನಿಂತಿತು. ಬರೀ ಮಾತು ಕೇಳಿ ಇಷ್ಟು ಕರಾರುವಾಕ್ಕಾಗಿ ಹೊಲಿದ ನಿಮಗೆ ಮರೆವಿದೆ ಎಂದೆನಲ್ಲ ನಾನು. ಇವತ್ತಿಗೂ ಎರಡು ಸಲ ಟೇಪು ಹಿಡಿಯುತ್ತೀರಂತೆ, ಅವ್ವ ಹೇಳಿದಳು.

ಭಾನುವಾರ ಆ ರವಿಕೆ ತೊಟ್ಟೇ ಬರುತ್ತೇನೆ. ಅಂಗಡಿ ತುಂಬ ಜನವಿರಲಿ. ಅವರೆದುರಿಗೇ ಹೇಳುತ್ತೇನೆ — ಪುಸ್ತಕ ಸರಿಯಾಗಿತ್ತು, ನೀವು ಯಾರನ್ನೂ ಮರೆತಿರಲಿಲ್ಲ. ಬೈಯಿರಿ, ವಾದಿಸುವುದಿಲ್ಲ. ಬೈದು ಮುಗಿದ ಮೇಲೆ ನನ್ನ ಅಳತೆ ತೆಗೆದುಕೊಳ್ಳಿ, ನನ್ನ ಹೆಸರಿನಲ್ಲೇ ಬರೆದುಕೊಳ್ಳಿ.

ಟೇಪು ಮಾತ್ರ ಒಂದೇ ಸಲ ಹಿಡಿಯಿರಿ.