ಮಾವ ಕೊಟ್ಟ ಉಂಗುರ

ಕಡಲ ತೀರದಲ್ಲಿ ಜನ ಕಳೆದುಕೊಂಡ ಒಡವೆ ಹುಡುಕಿಕೊಡುವುದು ನನ್ನ ಕೆಲಸ. ಒಮ್ಮೆ ವನಗೂರಿನ ಗೌಡರೊಬ್ಬರು ಫೋನ್ ಮಾಡಿ, ಮಾವ ಕೊಟ್ಟ ಉಂಗುರ ತೋಟದ ಹಳ್ಳದಲ್ಲಿ ಜಾರಿಹೋಯಿತು ಅಂದರು. ಮರಳು ಎಲ್ಲಿದ್ದರೂ ಮರಳೇ ತಾನೆ ಎಂದು ಮೆಟಲ್ ಡಿಟೆಕ್ಟರ್ ಹೊತ್ತು ಘಟ್ಟ ಹತ್ತಿದೆ.

ಕಡಲಲ್ಲಿ ಮಾಡುವಂತೆಯೇ ಹಗ್ಗ ಎಳೆದು ಮರಳನ್ನು ಪಟ್ಟಿ ಪಟ್ಟಿಯಾಗಿ ಗುರುತು ಮಾಡಿದೆ. ಡಿಟೆಕ್ಟರನ್ನು ನೆಲಕ್ಕೆ ತಾಗಿಯೂ ತಾಗದಂತೆ ಬೀಸುತ್ತ, ಒಂದಿಂಚೂ ಬಿಡದೆ ನಡೆದೆ. ಮಧ್ಯಾಹ್ನದವರೆಗೆ ಸಿಕ್ಕಿದ್ದು ಎರಡು ಮೊಳೆ, ಒಂದು ಬಾಟಲಿ ಮುಚ್ಚಳ.

ಊಟಕ್ಕೆ ಕರೆಯಲು ಬಂದ ಗೌಡರ ಹೆಂಡತಿ, "ಅವತ್ತು ಇವ್ರು ಗುದ್ದಲಿ ಹಿಡ್ಕಂಡು ಬೇಲಿ ಮೂಲೆಗೂ ಹೋಗಿದ್ರು. ಅಲ್ಲೂ ಒಂದ್ಸಲ ನೋಡಿ" ಅಂದರು.

"ಅಲ್ಲೇನೈತೆ? ಸುಮ್ನಿರು ನೀನು" ಎಂದು ಗೌಡರು ಗದರಿದರು.

ಅಷ್ಟರಲ್ಲಿ ನಾನು ಅಲ್ಲಿಗೆ ಹೋಗಿಯಾಗಿತ್ತು. ಡಿಟೆಕ್ಟರ್ ಕೂಗಿತು. ಒಂದು ಗೇಣು ಅಗೆದಾಗ ಉಂಗುರ ಸಿಕ್ಕಿತು. ಅದರ ಕೆಳಗೆ ಅರಿಶಿನ ಕುಂಕುಮ ಮೆತ್ತಿದ, ಮಂತ್ರ ಬರೆದ ತಾಮ್ರದ ತಗಡು.

"ಆನೆ ತೋಟಕ್ಕೆ ಇಳೀದಂಗೆ ತಗಡು ಹಾಕ್ಸಿ ಅಂತ ನಾನಂದಿದ್ದಕ್ಕೆ, ಮೂಢನಂಬಿಕೆ ಅಂತ ನೆಂಟರ ಮುಂದೆಲ್ಲ ನಗಾಡಿದ್ರಲ್ರೀ!" ಎಂದರು ಗೌಡರ ಹೆಂಡತಿ.

ಗೌಡರು ಉಂಗುರವನ್ನು ಪಂಚೆಗೆ ಒರೆಸಿಕೊಂಡರು. "ಹಾಕಿದ್ಮೇಲೆ ಆನೆ ಬಂದೈತಾ, ಹೇಳು."

ಆಕೆ ಕ್ಷಣ ಯೋಚಿಸಿ ನನ್ನ ಕಡೆ ತಿರುಗಿದರು. "ನೋಡ್ತಾ ನಿಂತ್ರಲ್ಲ ಮಾರಾಯ್ರೆ, ಮೊದ್ಲು ಅದನ್ನ ಮುಚ್ಚಿ."

ಮುಚ್ಚಿದೆ. ಈಗ ಯಾರೇ ಗಂಡಸರು ಫೋನ್ ಮಾಡಿದರೂ, ಎಲ್ಲಿ ಕಳೆಯಿತು ಎಂದು ಕೇಳುವುದಿಲ್ಲ. ಫೋನನ್ನು ಸ್ವಲ್ಪ ನಿಮ್ಮ ಮನೆಯವರಿಗೆ ಕೊಡಿ ಅನ್ನುತ್ತೇನೆ.